ಹಳೇ ಡ್ರಗ್‌ಸ್ಟೋರ್ ತಂಬಾಕು: ಒಣಗಿಸಿ, ನಿಧಾನಕ್ಕೆ ಸೇದಿ

ಅಮೆರಿಕದಲ್ಲಿ ಒಂದು ಕಾಲಕ್ಕೆ ಪೈಪ್ ತಂಬಾಕು ಬೇಕೆಂದರೆ ಯಾರೂ ದೊಡ್ಡ ಅಂಗಡಿ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಊರಿನ ಡ್ರಗ್‌ಸ್ಟೋರ್‌ನಲ್ಲೇ, ಅಂದರೆ ಔಷಧಿ ಅಂಗಡಿಯಲ್ಲೇ, ಕೆಮ್ಮಿನ ಔಷಧಿಯ ಜೊತೆ ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್, ಗ್ರೇಂಜರ್, ಸರ್ ವಾಲ್ಟರ್ ರ‍್ಯಾಲಿ, ಹಾಫ್ ಅಂಡ್ ಹಾಫ್ ಎಂಬ ಬ್ರ್ಯಾಂಡುಗಳು ಸಿಗುತ್ತಿದ್ದವು. ಕೆಲಸಕ್ಕೆ ಹೋಗುವ ಜನ ದಿನಾ ಸೇದುತ್ತಿದ್ದದ್ದು ಇವನ್ನೇ. ಈಗ ದುಬಾರಿ ಡಬ್ಬಿಗಳಿಗೆ ಒಗ್ಗಿದವರು ಇವುಗಳ ಹೆಸರು ಎತ್ತಿದರೆ ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಬೆಲೆ ಕಡಿಮೆ ಇರಬಹುದು, ರುಚಿ ಕಡಿಮೆ ಇಲ್ಲ. ಸೇದುವವರು ಅವಸರ ಮಾಡುತ್ತಾರೆ, ದೂರು ತಂಬಾಕಿನ ಮೇಲೆ ಬರುತ್ತದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಆಧಾರ ಬರ್ಲಿ ಎಂಬ ಬಗೆಯ ತಂಬಾಕಿನ ಎಲೆ. ತಿಳಿ ಬಣ್ಣದ ಬಿಳಿ ಬರ್ಲಿ 1864ರಲ್ಲಿ ಒಹಾಯೋದ ಬ್ರೌನ್ ಕೌಂಟಿಯ ಹೊಲದಲ್ಲಿ ಮೊದಲು ಕಂಡಿತು. ಇದನ್ನು ಬೆಂಕಿ ತೋರಿಸದೆ, ಗಾಳಿಯಾಡುವ ಕೊಟ್ಟಿಗೆಯಲ್ಲಿ ನೇತುಹಾಕಿ ಒಣಗಿಸುತ್ತಾರೆ. ಹಾಗಾಗಿ ಎಲೆಯಲ್ಲಿ ಸಕ್ಕರೆ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಮೇಲಿಂದ ಕೊಟ್ಟ ಪರಿಮಳವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕೋಕೋ, ಜೇಷ್ಠಮಧು ಬೆರೆಸುವುದು ಈ ಗುಣ ನೋಡಿಯೇ. ಬರ್ಲಿಯ ಸ್ವಂತ ರುಚಿ ಹುರಿದ ಕಾಯಿಬೀಜದ ಥರ ಇರುತ್ತದೆ. ಅದು ತುಂಬಾ ಮೆತ್ತಗಿನ ರುಚಿ. ಜೋರಾಗಿ ಎಳೆದರೆ ಸುಟ್ಟ ಕಾಗದದ ವಾಸನೆ ಬಂದು ಎಲ್ಲ ಮುಚ್ಚಿಹೋಗುತ್ತದೆ.

ಮೊದಲ ಕೆಲಸ ಒಣಗಿಸುವುದು. ನನ್ನ ಪ್ರಕಾರ ಅರ್ಧ ಗುಟ್ಟು ಇಲ್ಲೇ ಇದೆ. ಪೊಟ್ಟಣ ಅಂಗಡಿಯಲ್ಲಿ ಎಷ್ಟು ದಿನ ಕೂತರೂ ತೇವ ಆರದಿರಲಿ ಅಂತ ಇಂಥ ತಂಬಾಕಿಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಸೇರಿಸುವುದುಂಟು. ಒಡೆದ ತಕ್ಷಣ ಪೈಪಿಗೆ ತುಂಬಿದರೆ ಹೊಗೆಗಿಂತ ಹಬೆಯೇ ಜಾಸ್ತಿ. ಆ ಬಿಸಿ ಹಬೆಗೇ ನಾಲಿಗೆ ಉರಿಯುವುದು. ನಾನು ಒಂದು ಪೈಪಿಗೆ ಬೇಕಾದಷ್ಟನ್ನು ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ, ಬೇರೆ ಕೆಲಸ ನೋಡಲು ಹೋಗುತ್ತೇನೆ. ಅರ್ಧ ಗಂಟೆ ಕಳೆದ ಮೇಲೆ ಒಂದು ಚಿಟಿಕೆ ಎತ್ತಿ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಬಿಡುತ್ತೇನೆ. ಉಂಡೆಯಾಗಿ ಅಂಟಿಕೊಂಡರೆ ಇನ್ನೂ ಹಸಿ. ಪುಡಿಪುಡಿಯಾದರೆ ಅತಿಯಾಯಿತು. ಒತ್ತಿದ ಎಳೆಗಳು ಬೆರಳು ಬಿಟ್ಟ ಮೇಲೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಮುಟ್ಟಿದರೆ ಒಣಗಿದೆ ಅನಿಸಬೇಕು, ಆದರೆ ಮುರಿಯಬಾರದು. ಮಳೆಗಾಲದಲ್ಲಿ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಗಡಿಯಾರಕ್ಕಿಂತ ಬೆರಳನ್ನು ನಂಬಿ.

ಪೈಪಿಗೆ ಜಾಸ್ತಿ ದುಡ್ಡು ಹಾಕಬೇಡಿ. ಮೆಕ್ಕೆಜೋಳದ ದಿಂಡಿನ ಪೈಪೇ ಇದಕ್ಕೆ ಸರಿಯಾದ ಜೋಡಿ. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ದಿಂಡು ತೇವ ಹೀರುತ್ತದೆ. ಮರದ ಪೈಪಿನ ಹಾಗೆ ಪಳಗಿಸುತ್ತಾ ಕೂರಬೇಕಾಗಿಲ್ಲ, ಮೊದಲ ದಿನದಿಂದಲೇ ಚೆನ್ನಾಗಿ ಸೇದಬಹುದು. ಒಂದೇ ಎಚ್ಚರ: ಇಂಥ ಹಲವು ಪೈಪುಗಳಲ್ಲಿ ಮರದ ಕೊಳವೆಯ ತುದಿ ತಂಬಾಕು ತುಂಬುವ ಬಟ್ಟಲಿನೊಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ. ತಳದವರೆಗೆ ಜಗ್ಗಿ ಸೇದಿದರೆ ಆ ಮರವೇ ಸುಡುತ್ತದೆ, ಬಾಯಿಗೆ ಕಟು ರುಚಿ ಬರುತ್ತದೆ. ಕೊನೆಯ ಚೂರು ತಂಬಾಕು ಉಳಿದರೆ ಉಳಿಯಲಿ, ಬಿಡಿ.

ತುಂಬುವಾಗ ಪ್ರಿನ್ಸ್ ಆಲ್ಬರ್ಟ್‌ನಂಥ ಸಣ್ಣ ತುಂಡಿನ ತಂಬಾಕು ಬಹಳ ಸುಲಭ. ಬಟ್ಟಲಿಗೆ ಸುಮ್ನೆ ಉದುರಿಸಿ, ಪಕ್ಕಕ್ಕೆ ಬೆರಳಲ್ಲಿ ತಟ್ಟಿ, ಅದಾಗಿಯೇ ಕೂರುತ್ತದೆ. ಹಗುರವಾಗಿ ಒತ್ತಿ, ಮತ್ತೆ ಉದುರಿಸಿ, ಈ ಸಲ ಸ್ವಲ್ಪ ಗಟ್ಟಿಯಾಗಿ ಒತ್ತಿ. ಗ್ರೇಂಜರ್ ದಪ್ಪ ತುಂಡು, ಅದಕ್ಕೆ ಒತ್ತು ಇನ್ನೂ ಕೊಂಚ ಬೇಕು. ಹಚ್ಚುವ ಮೊದಲು ಒಮ್ಮೆ ಎಳೆದು ನೋಡಿ. ಸ್ಟ್ರಾದಲ್ಲಿ ಎಳನೀರು ಹೀರಿದಷ್ಟು ತಡೆ ಇದ್ದರೆ ಸಾಕು. ಉಸಿರು ಕಟ್ಟಿದ ಹಾಗಾದರೆ ಎಲ್ಲ ಸುರಿದು ಮತ್ತೆ ತುಂಬಿ. ಬಿಗಿಯಾದ ಬಟ್ಟಲು ನಡುವೆ ಸರಿಹೋಗುವುದಿಲ್ಲ.

ಬೆಂಕಿಕಡ್ಡಿ ಗೀರಿದ ಮೇಲೆ ಮದ್ದು ಪೂರ್ತಿ ಉರಿದು ಹೋಗಲಿ, ಆಮೇಲೆ ಜ್ವಾಲೆಯನ್ನು ಬಟ್ಟಲಿನ ಮೇಲೆ ಸುತ್ತಲೂ ಆಡಿಸಿ. ತಂಬಾಕು ಉಬ್ಬಿ ಮೇಲೇಳುತ್ತದೆ. ಅದನ್ನು ಮೆಲ್ಲಗೆ ಒತ್ತಿ ಮಟ್ಟ ಮಾಡಿ, ಎರಡನೇ ಸಲ ಹಚ್ಚಿ. ನಿಜವಾದ ಸೇದುವಿಕೆ ಇಲ್ಲಿಂದ ಶುರು. ಗುಟುಕು ಗುಟುಕಾಗಿ ಎಳೆಯಿರಿ, ನಡುವೆ ಬಿಡುವು ಕೊಡಿ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ. ತಡೆಯಲಾಗದಷ್ಟು ಬಿಸಿಯಿದ್ದರೆ ಕೆಳಗಿಟ್ಟು ಆರಲು ಬಿಡಿ. ಆರಿಹೋದರೆ ಏನೂ ನಷ್ಟವಿಲ್ಲ, ಬೂದಿ ಸ್ವಲ್ಪ ಒತ್ತಿ ಮತ್ತೆ ಹಚ್ಚಿ. ಆರದ ಹಾಗೆ ಕಾಯುವ ಹಟದಲ್ಲೇ ಎಷ್ಟೋ ಜನ ಬರ್ಲಿಯ ರುಚಿ ಕಳೆದುಕೊಳ್ಳುತ್ತಾರೆ. ಗೊಳಗೊಳ ಸದ್ದು ಬಂದರೆ ಪೈಪ್ ಕ್ಲೀನರನ್ನು ಕೊಳವೆಯಲ್ಲಿ ತೂರಿಸಿ ತೇವ ಎಳೆದುಬಿಡಿ.

ಹೊಗೆಯನ್ನು ಎದೆಗೆ ಎಳೆಯಬೇಡಿ, ಬಾಯಲ್ಲೇ ಇರಲಿ. ಬರ್ಲಿಯಲ್ಲಿ ನಿಕೋಟಿನ್ ಕಡಿಮೆಯೇನಲ್ಲ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗುತ್ತದೆ. ಬಾಯಲ್ಲೇ ಇಟ್ಟುಕೊಂಡರೂ ಪೈಪ್ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ದಾರಿ ಮಾಡುತ್ತದೆ, ಚಟವೂ ಹತ್ತುತ್ತದೆ. ಇದು ಗೊತ್ತಿದ್ದೇ ನಾನು ಸೇದುತ್ತೇನೆ. ಇದುವರೆಗೆ ಮುಟ್ಟದವರಿಗೆ ಶುರುಮಾಡಿ ಅಂತ ಹೇಳಲಾರೆ.

ಈಗಾಗಲೇ ಪೈಪ್ ಸೇದುವವರು ಇವುಗಳಲ್ಲಿ ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ ಪ್ರಿನ್ಸ್ ಆಲ್ಬರ್ಟ್ ಅಥವಾ ಕಾರ್ಟರ್ ಹಾಲ್ ಅನ್ನುತ್ತೇನೆ. ಎರಡೂ ಸೌಮ್ಯ, ಎರಡಕ್ಕೂ ದಿನವಿಡೀ ನಾಲಿಗೆ ಬೇಸರಪಡುವುದಿಲ್ಲ. ಪ್ರಿನ್ಸ್ ಆಲ್ಬರ್ಟ್ 1907ರಿಂದ ಇದೆ. ಆರ್.ಜೆ. ರೆನಾಲ್ಡ್ಸ್ ಕಂಪನಿ ಶುರುಮಾಡಿದ್ದು, 1987ರಲ್ಲಿ ಜಾನ್ ಮಿಡಲ್ಟನ್ ಕಂಪನಿಯ ಕೈಗೆ ಬಂತು. ಹಾಫ್ ಅಂಡ್ ಹಾಫ್‌ನಲ್ಲಿ ಸೋಂಪಿನಂಥ ವಾಸನೆ ಎದ್ದು ಕಾಣುತ್ತದೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಕ್ಯಾಪ್ಟನ್ ಬ್ಲ್ಯಾಕ್ ಸಿಹಿ ಪರಿಮಳದ್ದು. ಅದಕ್ಕೆ ಬೇರೆ ಪೈಪ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಆ ವಾಸನೆ ಮುಂದಿನ ಎಲ್ಲ ತಂಬಾಕಿಗೂ ಅಂಟುತ್ತದೆ.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಅಂಗಡಿಗಳಲ್ಲಿ ದೊಡ್ಡ ದೊಡ್ಡ ಚೀಲಗಳ ಮೇಲೆ ಪೈಪ್ ತಂಬಾಕು ಅಂತ ಬರೆದು ತೀರಾ ಅಗ್ಗಕ್ಕೆ ಮಾರುತ್ತಾರೆ. ಅವುಗಳಲ್ಲಿ ಬಹಳಷ್ಟು ಸಿಗರೇಟ್ ಸುತ್ತಿಕೊಳ್ಳುವವರಿಗೆ ಕತ್ತರಿಸಿದ್ದು. 2009ರಲ್ಲಿ ಅಮೆರಿಕದ ಕೇಂದ್ರ ತೆರಿಗೆ ಬದಲಾದಾಗ ಸುತ್ತುವ ತಂಬಾಕಿಗೆ ಪೌಂಡಿಗೆ 24.78 ಡಾಲರ್ ಆಯಿತು, ಪೈಪ್ ತಂಬಾಕಿಗೆ 2.83 ಡಾಲರ್ ಅಷ್ಟೇ. ಹೆಸರು ಬದಲಾಯಿಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಹಳೇ ಹೆಸರಿನ ಪೊಟ್ಟಣ ಅಥವಾ ಡಬ್ಬಿಯನ್ನೇ ಕೇಳಿ. ಡ್ರಗ್‌ಸ್ಟೋರ್‌ನಲ್ಲೇ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ: ಅಲ್ಲಿನ ದೊಡ್ಡ ಔಷಧಿ ಅಂಗಡಿ ಸರಣಿ ಸಿವಿಎಸ್ 2014ರಲ್ಲೇ ತಂಬಾಕು ಮಾರುವುದನ್ನು ನಿಲ್ಲಿಸಿತು. 2019ರ ಕೊನೆಯಿಂದ ಅಮೆರಿಕದಾದ್ಯಂತ 21 ವರ್ಷ ತುಂಬದವರಿಗೆ ಮಾರುವಂತಿಲ್ಲ.

ಒಡೆದ ಪೊಟ್ಟಣವನ್ನು ಹಾಗೇ ಬಿಡಬೇಡಿ, ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಿ ಕತ್ತಲಲ್ಲಿಡಿ. ವರ್ಜೀನಿಯಾ ಎಂಬ ಇನ್ನೊಂದು ಬಗೆಯ ಎಲೆಯಲ್ಲಿ ಸಕ್ಕರೆ ಜಾಸ್ತಿ, ವರ್ಷಗಟ್ಟಲೆ ಇಟ್ಟರೆ ರುಚಿ ಕೂಡುತ್ತದೆ. ಬರ್ಲಿ ಅಷ್ಟೊಂದು ಬದಲಾಗುವುದಿಲ್ಲ. ಕೂಡಿಡುವ ಗೋಜು ಬೇಡ, ಮುಗಿದಾಗ ಇನ್ನೊಂದು ಪೊಟ್ಟಣ ತಂದರಾಯಿತು.