ಬಾಗಿಲು ಹಾಕುವ ದಿನ ಕೇದಾರ: ಮೂರನೇ ಸಲಕ್ಕೆ ಕೈಗೂಡಿತು

ಕಳೆದ ದೊಡ್ಡಬ್ಬಕ್ಕೆ, ಅಂದರೆ 2025ರ ದೀಪಾವಳಿಗೆ, ನಮ್ಮ ಶಿರಸಿ ಸೀಮೆಯ 14 ಜನರನ್ನು ಉತ್ತರಾಖಂಡದ ಕೇದಾರನಾಥಕ್ಕೆ ಕರೆದುಕೊಂಡು ಹೋಗಿದ್ದೆ. 5 ಜನ ಮೇಲೆ ಹೋದರು, 9 ಜನ ಕೆಳಗೇ ಉಳಿದರು. ಹದಿನಾಲ್ಕು ಜನರಿಗೂ ಸ್ವಾಮಿಯ ದರ್ಶನ ಆಯಿತು. ಎಲ್ಲರಿಗಿಂತ ಹಿರಿಯಳು ನನ್ನ ಆಯಿ (ತಾಯಿ), 76 ವರ್ಷ, ಎರಡೂ ಮಂಡಿ ನೋವು. ಈ ಭಾಗದಲ್ಲಿ ಯಾತ್ರೆ ಮಾಡಿಸುವವರು ಹತ್ತಾರು ಜನ ಇದ್ದೇವೆ. ಚಳಿಗಾಲಕ್ಕೆ ದೇವಸ್ಥಾನದ ಬಾಗಿಲು ಹಾಕುವ ಹೊತ್ತಿಗೆ ಮುದುಕರನ್ನು ಕಟ್ಟಿಕೊಂಡು ಹೋಗಿ ಎಲ್ಲರಿಗೂ ದರ್ಶನ ಮಾಡಿಸಿದವರು ಇನ್ನೊಬ್ಬರು ನನಗಂತೂ ಗೊತ್ತಿಲ್ಲ.

ಎಲ್ಲರೂ ಹೋಗುವುದು ಮೇ, ಜೂನ್‌ನಲ್ಲಿ. ಆ ನೂಕುನುಗ್ಗಲಿನಲ್ಲಿ ವಯಸ್ಸಾದವರ ಪಾಡು ನಿಮಗೂ ಗೊತ್ತು. ನಾನು ಬಾಗಿಲು ಹಾಕುವಾಗ ಹೋಗೋಣ ಅಂದರೆ ಬಳಗದವರೇ ತಲೆ ಅಲ್ಲಾಡಿಸಿದರು. ಬಾಗಿಲು ಹಾಕುವುದು ಯಮದ್ವಿತೀಯದ ಬೆಳಿಗ್ಗೆ, ನಮ್ಮ ಬಲಿಪಾಡ್ಯದ ಮರುದಿನ. "ದೊಡ್ಡಬ್ಬ ಬಿಟ್ಟಿಕ್ಕಿ ಹೋಪದನಾ ತಮಾ? ಗೋಪೂಜೆ ಯಾರು ಮಾಡವು?" ಅಂತ ನಮ್ಮ ದೊಡ್ಡಪ್ಪ ಕೇಳಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೊದಲ ಸಲ 2023. ಆ ವರ್ಷ ಅಧಿಕ ಶ್ರಾವಣ ಬಂದು ಹಬ್ಬ ಹಿಂದೆ ಹೋಗಿತ್ತು, ಬಾಗಿಲು ಹಾಕಿದ್ದು ನವೆಂಬರ್ 15ಕ್ಕೆ. 12 ಜನರನ್ನೂ ಒಂದೇ ದಿನಕ್ಕೆ ಮೇಲೆ ಹತ್ತಿಸಲು ಹೊರಟಿದ್ದೆ. ಗೌರಿಕುಂಡದಿಂದ 16 ಕಿಲೋಮೀಟರ್, ಸುಮಾರು 2,000 ಮೀಟರಿನಿಂದ 3,583 ಮೀಟರಿಗೆ. ಗೌರಿಕುಂಡಕ್ಕೆ ಹೋಗಲು ಸೋನಪ್ರಯಾಗದ ಜೀಪಿನ ಸಾಲಿನಲ್ಲೇ ಬೆಳಿಗ್ಗೆ ಹತ್ತು ಗಂಟೆ ಆಗಿಹೋಯಿತು. ದಾರಿ ನಡುವಿನ ಲಿಂಚೋಲಿ ಮುಟ್ಟುವಾಗ ಕತ್ತಲೆ, ಮೂವರಿಗೆ ವಾಂತಿ, ಒಬ್ಬರಿಗೆ ತಲೆ ಎತ್ತಲಾಗದಷ್ಟು ನೋವು. ರಾತ್ರಿ ಅಲ್ಲೇ ಕಳೆದು ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಕೈಕಾಲೂ ಆಡುತ್ತಿರಲಿಲ್ಲ. ಎಂಟೂವರೆಗೆ ಮೇಲೆ ಬಾಗಿಲು ಹಾಕಿಯೇಬಿಟ್ಟರು.

ನಾವು ಏದುಸಿರು ಬಿಡುತ್ತಾ ಹತ್ತುತ್ತಿದ್ದಾಗ ಡಮರು, ಬ್ಯಾಂಡಿನ ಸದ್ದು ಕೇಳಿಸಿತು. ಸ್ವಾಮಿಯೇ ಎದುರಿಗೆ ಇಳಿದು ಬರುತ್ತಿದ್ದ. ಐದು ಮುಖದ ಉತ್ಸವಮೂರ್ತಿಯ ಪಲ್ಲಕ್ಕಿ, ಅದೇ ಪಂಚಮುಖಿ ಡೋಲಿ, ಮೇಲೆ ಚೆಂಡುಹೂವಿನ ರಾಶಿ, ಹೊತ್ತವರು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ನಾವು ಗೋಡೆಗೆ ಒರಗಿ ಕೈ ಮುಗಿದೆವು. ಅರ್ಧ ನಿಮಿಷ ಸಿಕ್ಕಿರಬಹುದು. ರಾತ್ರಿ ವಾಂತಿ ಮಾಡಿಕೊಂಡಿದ್ದ ಅತ್ತೆಯೊಬ್ಬರು ಅಲ್ಲೇ ಕೂತು ಅತ್ತುಬಿಟ್ಟರು. ಉಪಾಯ ಹೊಳೆದದ್ದು ಅಲ್ಲೇ. ಸ್ವಾಮಿ ಹೇಗೂ ಕೆಳಗೆ ಬರುತ್ತಾನೆ, ಹತ್ತಲಾಗದವರನ್ನು ಹತ್ತಿಸುವುದು ಯಾಕೆ?

ಆದರೆ ಆ ವರ್ಷ ತಂಡದವರಿಗೆ ಮುಖ ತೋರಿಸುವ ಹಾಗಿರಲಿಲ್ಲ. ತಲೆಗೆ 2,000ದಂತೆ ವಾಪಸ್ ಕೊಟ್ಟೆ. ಜೀಪಿನವನ ಎರಡು ದಿನದ ಹೆಚ್ಚಿನ ಬಾಡಿಗೆ, ಔಷಧಿ ಎಲ್ಲ ಸೇರಿ 38–40 ಸಾವಿರ ಕೈಯಿಂದ ಹೋಯಿತು.

2024ರಲ್ಲಿ ನವೆಂಬರ್ 3. ಆ ಜುಲೈ ಕೊನೆಗೆ ಮೇಘಸ್ಫೋಟವಾಗಿ ಭೀಮಬಲಿ, ಲಿಂಚೋಲಿ ಕಡೆ ದಾರಿ ಕೊಚ್ಚಿಹೋಗಿದ್ದರಿಂದ ಊರಲ್ಲಿ ಯಾರೂ ಹೆಸರು ಕೊಡಲಿಲ್ಲ. ಗಟ್ಟಿಮುಟ್ಟಾದ 7 ಜನ ಹೋದೆವು, ಬಾಗಿಲು ಹಾಕುವ ದರ್ಶನವೂ ಆಯಿತು. ಮೋಸ ಹೋದದ್ದು ಕೋಣೆಯಲ್ಲಿ. ಒಬ್ಬ ಏಜೆಂಟ 15 ಸಾವಿರ ಮುಂಗಡ ತೆಗೆದುಕೊಂಡಿದ್ದ. ಮೇಲೆ ಹೋಗಿ ನೋಡಿದರೆ ಕೋಣೆಗೆ ಬೀಗ, ಫೋನ್ ಬಂದ್. ಸೀಸನ್ ಮುಗಿಯುತ್ತಿದ್ದಂತೆ ಅಲ್ಲಿ ಅಂಗಡಿ, ಟೆಂಟು ಎಲ್ಲ ಗಂಟುಮೂಟೆ ಕಟ್ಟುತ್ತವೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು. ಒಂದು ಢಾಬಾದ ಒಲೆ ಪಕ್ಕ ಏಳೂ ಜನ ಬೆನ್ನಿಗೆ ಬೆನ್ನು ಕೊಟ್ಟು ರಾತ್ರಿ ಕಳೆದೆವು.

ಅಡುಗೆಯಲ್ಲೂ ಪಾಠ ಆಯಿತು. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಆಚೀಚೆಗೇ ಕುದಿಯುತ್ತದೆ, ತಪ್ಪಲೆಯಲ್ಲಿಟ್ಟ ಅಕ್ಕಿ ಎಷ್ಟು ಕುದಿಸಿದರೂ ನಡುವೆ ಕಾಳು. ಕುಕ್ಕರ್ ಇಲ್ಲದೆ ಅನ್ನದ ಆಸೆ ಬೇಡ. ಒಗ್ಗರಣೆಗೆ ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ಈಗ ಮೇಲಿನ ತಂಡಕ್ಕೆ ಅವಲಕ್ಕಿ, ಹುರಿಟ್ಟು, ಬೆಲ್ಲ, ತುಪ್ಪ, ಕಷಾಯದ ಪುಡಿ, ಇಷ್ಟೇ. ಪುಡಿಯಲ್ಲಿ ಶುಂಠಿ, ಕಾಳುಮೆಣಸು, ಕೊತ್ತಂಬರಿ, ಜೀರಿಗೆ ಇದೆ. ಇನ್ನೊಂದು ಬೇರು ಹಾಕುತ್ತೇನೆ, ಅದು ಆಯಿಯ ಕೈಗುಣ, ಇಲ್ಲಿ ಬರೆಯುವುದಿಲ್ಲ.

ಅದೇ ಸಲ ಇನ್ನೊಂದು ಪರೀಕ್ಷೆ ಮಾಡಿದೆ. ಒಬ್ಬನಿಗೆ 4,000ದ ಜಾಕೀಟು, ನಾನು ಮನೆಯ ಹಳೇ ಕಂಬಳಿಕೊಪ್ಪೆ. ತುಂತುರು ಹಿಮಕ್ಕೆ ಅವನ ಹೊಲಿಗೆಯಲ್ಲಿ ನೀರು ಇಳಿಯಿತು. ನನ್ನ ಕಂಬಳಿ ಮೇಲ್ಮೈ ಒದ್ದೆಯಾಯಿತು, ಒಳಗೆ ಬೆಚ್ಚಗೇ ಇದ್ದೆ. ಭಾರ ಮಾತ್ರ ಹೌದು, ಹತ್ತುವಾಗ ಕುದುರೆ ಮೇಲೆ ಹಾಕಿದರೆ ಆಯಿತು.

ಕಳೆದ ವರ್ಷ ಎರಡು ತಂಡ ಮಾಡಿದೆ. ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಹರಿದ್ವಾರ, ಜೀಪಿನಲ್ಲಿ ಗುಪ್ತಕಾಶಿ. ಎಲ್ಲರಿಗೂ ಅಲ್ಲಿ ಎರಡು ರಾತ್ರಿ. ಪ್ರಯಾಣದ ದಣಿವು ಆರಲಿ ಅಂತ ಕಾದ ಆ ದಿನ ದಂಡವಲ್ಲ. ಅಕ್ಟೋಬರ್ 21ಕ್ಕೆ ಐವರು ಗೌರಿಕುಂಡದಿಂದ ಹೊರಟು ಲಿಂಚೋಲಿಯಲ್ಲಿ ಉಳಿದರು, 22ರ ಮಧ್ಯಾಹ್ನಕ್ಕೆ ಮೇಲೆ. ಯಾರಿಗೂ ವಾಂತಿಯಿಲ್ಲ. ಆ ಹೊತ್ತಿನಲ್ಲಿ ಲಿಂಚೋಲಿಯಲ್ಲಿ ಜಾಗ ಹೇಗೆ ಹಿಡಿದೆ ಅನ್ನುವುದು ನನ್ನ ಬಳಿಯೇ ಇರಲಿ, ಅದಕ್ಕೆ ಎರಡು ವರ್ಷ ದುಡ್ಡು ಸುರಿದಿದ್ದೇನೆ. ದಾರಿಯಲ್ಲಿ ಹೆಲಿಕಾಪ್ಟರ್ ಹಾರುವ ಊರೊಂದರ ಹೆಸರು ಸೇರ್ಸಿ. ಫಲಕ ಓದಿ ನಮ್ಮವರೆಲ್ಲ ಫೋಟೋ ತೆಗೆಸಿಕೊಂಡರು.

ನಾನು ಮೇಲಿನ ತಂಡದಲ್ಲಿದ್ದೆ. 23ರ ನಸುಕಿಗೆ ಪೂಜೆ ಶುರು. ಲಿಂಗಕ್ಕೆ ಭಸ್ಮ ಹಚ್ಚಿ, ಹೂ, ಪತ್ರೆ ಮುಚ್ಚಿ ಸಮಾಧಿ ರೂಪ ಕೊಡುತ್ತಾರೆ. ಆರು ತಿಂಗಳು ದೇವತೆಗಳು ಪೂಜಿಸುತ್ತಾರೆ ಅನ್ನುವ ನಂಬಿಕೆ. ಎಂಟೂವರೆಗೆ ಬಾಗಿಲು ಹಾಕಿದರು. ಡೋಲಿಯ ಹಿಂದೆ ಓಡಲು ಹೋಗಬೇಡಿ, ಅವರ ಕಾಲು ನಮ್ಮದಲ್ಲ. ಡೋಲಿ ಅವತ್ತು ರಾಮಪುರದಲ್ಲಿ ಉಳಿಯುತ್ತದೆ, ಮರುದಿನ ಗುಪ್ತಕಾಶಿಯ ವಿಶ್ವನಾಥ ದೇವಸ್ಥಾನ, ಮೂರನೇ ದಿನ ಊಖೀಮಠದ ಓಂಕಾರೇಶ್ವರ. ನಿಧಾನ ಇಳಿದು ಬೆಳಿಗ್ಗೆ ಜೀಪು ಹಿಡಿದರೂ ಡೋಲಿಗಿಂತ ಮುಂಚೆ ಗುಪ್ತಕಾಶಿ ಸಿಗುತ್ತದೆ.

ಕೆಳಗಿನ ತಂಡದ ಗೋಪೂಜೆಯೂ ತಪ್ಪಲಿಲ್ಲ. ಬಲಿಪಾಡ್ಯದ ದಿನ ಆ ಕಡೆ ಗೋವರ್ಧನ ಪೂಜೆ. ಇಳಿದುಕೊಂಡ ಮನೆಯವರ ಹಟ್ಟಿಯಲ್ಲಿ ಒಂದು ಕಂದು ಹಸು. ಆಯಿ ಊರಿಂದ ಒಯ್ದ ಅಡಿಕೆ ಸರ ಅದರ ಕೊರಳಿಗೆ ಕಟ್ಟಿ, ಬೆಲ್ಲ ಅವಲಕ್ಕಿ ತಿನ್ನಿಸಿದಳಂತೆ. ದೊಡ್ಡಪ್ಪನಿಗೆ ಅದರ ಫೋಟೋ ಕಳಿಸಿದೆ. ಅವರಿಂದ ಮರುಮಾತಿಲ್ಲ.

24ಕ್ಕೆ ಡೋಲಿ ಗುಪ್ತಕಾಶಿಗೆ ಬಂದಾಗ ಒಂಬತ್ತೂ ಜನ ಅಂಗಳದಲ್ಲಿ ಕೂತಿದ್ದರು. ಅರ್ಧ ನಿಮಿಷದ ಅವಸರ ಇಲ್ಲಿಲ್ಲ, ಕಣ್ತುಂಬಾ ನೋಡಬಹುದು. ಕೇದಾರದ ರಾವಲರು, ಅಂದರೆ ಅಲ್ಲಿನ ಮುಖ್ಯ ಗುರುಗಳು, ಪರಂಪರೆಯಿಂದ ವೀರಶೈವರು, ಅರ್ಚಕರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆ. "ಯಾವ ಊರಿಂದ ಬಂದಿರಿ ತಾಯಿ?" ಅಂತ ಅರ್ಚಕರೊಬ್ಬರ ಕನ್ನಡ ಕೇಳಿ ಆಯಿಗೆ ಒಂದು ಗಳಿಗೆ ಬಾಯಿಯೇ ಬರಲಿಲ್ಲ. ಮರುದಿನ ಮಂದಾಕಿನಿಯ ಆಚೆ ದಡದ ಊಖೀಮಠಕ್ಕೂ ಕರೆದೊಯ್ದೆ. ಚಳಿಗಾಲ ಪೂರ್ತಿ ಪೂಜೆ ಅಲ್ಲೇ. ಬಾಗಿಲು ತೆಗೆಯುವ ದಿನ ಹೇಳುವುದೂ ಅಲ್ಲೇ, ಶಿವರಾತ್ರಿಗೆ.

ಲೆಕ್ಕ ಹೀಗೆ: ಕೆಳಗಿನವರಿಗೆ ತಲೆಗೆ 21 ಸಾವಿರದಷ್ಟು ಬಿತ್ತು, ಮೇಲಿನವರಿಗೆ ಕುದುರೆ, ವಸತಿ ಸೇರಿ 28ರ ಹತ್ತಿರ. ನನಗೆ ಖರ್ಚು ಕಳೆದು 30 ಸಾವಿರ ಉಳಿಯಿತು. ಮೊದಲ ವರ್ಷದ ಸಾಲ ಇನ್ನೂ ಪೂರ್ತಿ ತೀರಿಲ್ಲ.

ಕಳೆದ ವರ್ಷ ಹಬ್ಬ ಬೇಗ ಬಂದು ಅಡಿಕೆ ಕೊಯ್ಲಿಗೆ ಮೊದಲೇ ಜನ ಸಿಕ್ಕರು. ಈ ವರ್ಷ, 2026ರಲ್ಲಿ, ಅಧಿಕ ಜ್ಯೇಷ್ಠ, ಯಮದ್ವಿತೀಯ ನವೆಂಬರ್ 11ಕ್ಕೆ. ಚಳಿ ಹೆಚ್ಚು, ಕೊಯ್ಲಿನ ತಲೆಬಿಸಿ ಬೇರೆ. ಲಿಂಚೋಲಿಯ ಕೆಳಗೆ ಇನ್ನೊಂದು ರಾತ್ರಿ ಸೇರಿಸುತ್ತಿದ್ದೇನೆ. ಈಗಾಗಲೇ 9 ಹೆಸರು ಬಂದಿವೆ. ಅದರಲ್ಲಿ ಒಂದು ದೊಡ್ಡಪ್ಪನದು, ಕೆಳಗಿನ ತಂಡಕ್ಕೆ.