ಕಾಲೇಜಿನ ಮೊದಲ ಮೇಡಂ ಬಗ್ಗೆ ಬರೆಯೋದು ಹೇಗೆ?

ಸ್ಮರಣ ಸಂಚಿಕೆಗೆ ಹಳೆಯ ಮೇಡಂ ಒಬ್ಬರ ಬಗ್ಗೆ ಬರೆದುಕೊಡಿ ಅಂದರೆ ನಾವು ಮೊದಲು ಬರೆಯುವುದೇ ‘ಸರಳ ಸಜ್ಜನಿಕೆಯ ಮೂರ್ತಿ’ ಅಂತ. ಇದನ್ನು ಯಾರ ಹೆಸರಿನ ಮುಂದೆ ಬೇಕಾದರೂ ಅಂಟಿಸಬಹುದು, ಅಲ್ವಾ? ಅದನ್ನು ಬಿಡಿ. ಅವರ ಕೆಲಸ, ಸಂಬಳ, ಶಿಷ್ಯರು, ಈ ಮೂರನ್ನು ಹುಡುಕಿ.

ಉದಾಹರಣೆಗೆ ಅಮೆರಿಕದ ಖಗೋಳ ವಿಜ್ಞಾನಿ ಮರಿಯಾ ಮಿಚೆಲ್ ಅವರನ್ನೇ ತಗೊಳ್ಳಿ. ವಾಸರ್ ಕಾಲೇಜು 1865ರಲ್ಲಿ ಶುರುವಾದಾಗ ಅಲ್ಲಿಗೆ ಪ್ರೊಫೆಸರ್ ಆಗಿ ಬಂದವರು. ಸ್ವತಃ ಕಾಲೇಜು ಮೆಟ್ಟಿಲು ಹತ್ತಿದವರಲ್ಲ! ಹಾಗಾದರೆ ಕೆಲಸ ಸಿಕ್ಕಿದ್ದು ಹೇಗೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ನಾಂಟಕೆಟ್ ದ್ವೀಪದ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಸಿಗುತ್ತಾರೆ, 1847ರ ಅಕ್ಟೋಬರ್ 1ರ ರಾತ್ರಿ ಅಪ್ಪ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಮಾಳಿಗೆ ಮೇಲೆ ಸಣ್ಣ ಟೆಲಿಸ್ಕೋಪು ಇಟ್ಟುಕೊಂಡು ಧೂಮಕೇತು ಪತ್ತೆ ಮಾಡಿ, ಡೆನ್ಮಾರ್ಕ್ ರಾಜನ ಚಿನ್ನದ ಪದಕ ಗೆದ್ದವರು. ಹೀಗೆ ಹಿಂದಕ್ಕೆ ನಡೆಯಿರಿ. ಹುಟ್ಟಿದ ಊರು, ತಂದೆ ತಾಯಿ ಅಂತ ಶುರು ಮಾಡಿದರೆ ಓದುವವರು ಪುಟ ಮಗುಚುತ್ತಾರೆ.

ಸಂಬಳದ ವಿಷಯ ಬರೆಯಲು ಸಂಕೋಚ ಬೇಡ. ಗಂಡಸರಿಗಿಂತ ತಮಗೆ ಕಡಿಮೆ ಕೊಡುತ್ತಿದ್ದಾರೆ ಅಂತ ಗೊತ್ತಾದಾಗ ಮಿಚೆಲ್ ಸುಮ್ನೆ ಕೂರಲಿಲ್ಲ, ಕಾಲೇಜಿನ ವೈದ್ಯೆ ಅಲೈಡಾ ಏವರಿ ಜೊತೆ ಸೇರಿ ಆಡಳಿತ ಮಂಡಳಿಯನ್ನು ಕೇಳಿ ಸಂಬಳ ಜಾಸ್ತಿ ಮಾಡಿಸಿಕೊಂಡರು. ನಿಮ್ಮ ಕಾಲೇಜಿನ ಹಳೆಯ ಸಂಬಳದ ಪುಸ್ತಕ, ಮೀಟಿಂಗ್ ನಡಾವಳಿ ಕೇಳಿ ನೋಡಿ. ಗುಮಾಸ್ತರ ಹತ್ತಿರ ಒಂದು ಟೀ ಕುಡಿದರೆ ಬೀರು ಬೇಗ ತೆರೆಯುತ್ತದೆ.

ಪಾಠ ಹೇಗೆ ಮಾಡುತ್ತಿದ್ದರು? ‘ಚೆನ್ನಾಗಿ’ ಅಂತ ಬರೆಯಬೇಡಿ. ಮಿಚೆಲ್ 1878ರಲ್ಲಿ ಸೂರ್ಯಗ್ರಹಣ ನೋಡಲು ಶಿಷ್ಯೆಯರನ್ನು ಡೆನ್ವರ್‌ವರೆಗೂ ರೈಲಿನಲ್ಲಿ ಕರೆದುಕೊಂಡು ಹೋದರು. ಎರಡು ರೈಲು ಕಂಪನಿಗಳ ಜಗಳದಲ್ಲಿ ಸಾಮಾನು ದಾರಿಯಲ್ಲೇ ಉಳಿಯಿತು. ಆದರೂ ಊರಾಚೆಯ ಗುಡ್ಡದ ಮೇಲೆ ಟೆಲಿಸ್ಕೋಪು ಹೂಡಿ ಗ್ರಹಣ ನೋಡಿಯೇ ಬಂದರು. ಇಂಥದ್ದೊಂದು ಪ್ರಸಂಗ ಸಿಕ್ಕರೆ ಅರ್ಧ ಪುಟ ಅದಕ್ಕೇ ಕೊಡಿ, ಪ್ರಶಸ್ತಿಗಳ ಪಟ್ಟಿ ಎರಡೇ ಸಾಲಲ್ಲಿ ಮುಗಿಸಿ.

ಕೊನೆಗೆ ಶಿಷ್ಯರು. 1888ರಲ್ಲಿ ಮಿಚೆಲ್ ನಿವೃತ್ತರಾದಾಗ ಆ ಜಾಗಕ್ಕೆ ಬಂದದ್ದು ಅವರದೇ ವಿದ್ಯಾರ್ಥಿನಿ ಮೇರಿ ವಿಟ್ನಿ. ನಿಮ್ಮ ಮೇಡಂ ಶಿಷ್ಯರಿಗೂ ಫೋನ್ ಮಾಡಿ, ‘ಅವರು ಬೈದದ್ದು ನೆನಪಿದೆಯಾ?’ ಅಂತ ಕೇಳಿ, ಆಗ ಮಾತು ತಾನಾಗಿ ಹರಿಯುತ್ತದೆ. ಗ್ರೂಪ್ ಫೋಟೊ ಸಿಕ್ಕರೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಸಿ, ಮೂಲೆಯಲ್ಲಿ ನಿಂತಿರುವ ಲ್ಯಾಬ್ ಅಟೆಂಡರ್ ಹೆಸರೂ ಬಿಡಬೇಡಿ.