ಕೆಂಪು ಕಣದ ಪೊರೆಯನ್ನು ಜೆಲ್‌ಗೆ ಹಾಕುವ ಮುನ್ನ

ಹೆಪಟೈಟಿಸ್ ಬಿ, ಸಿ ಬಹುಕಾಲದಿಂದ ಇರುವವರ ಕೆಂಪು ಕಣದ ಪೊರೆಯ ಪ್ರೋಟೀನನ್ನು ಜೆಲ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಪದರ) ನೋಡುವಾಗ, ಪೊರೆಗೆ ಒಳಗಿನಿಂದ ಆಧಾರ ಕೊಡುವ ಸ್ಪೆಕ್ಟ್ರಿನ್ ಪ್ರೋಟೀನಿನ ಪಟ್ಟಿ ತೆಳುವಾಗಿ, ಅದರ ಕೆಳಗೆ ಚೂರುಗಳು ಕಂಡರೆ ತಕ್ಷಣ ಅದನ್ನು ರೋಗದ ತಲೆಗೆ ಕಟ್ಟಬೇಡಿ. ನಾನು ಮೊದಲು ಅನುಮಾನಿಸುವುದು ಉಳಿದುಹೋದ ಬಿಳಿ ಕಣಗಳ ಪ್ರೋಟಿಯೇಸನ್ನು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು.

ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಯ ಲ್ಯಾಬ್‌ಗೆ ಹೊಸದಾಗಿ ಬಂದವರು ಕೇಳುವುದು ಒಂದೇ: ಬಫಿ ಕೋಟ್ (ರಕ್ತ ತಿರುಗಿಸಿದಾಗ ಕೆಂಪು ಕಣಗಳ ಮೇಲೆ ನಿಲ್ಲುವ ಬಿಳಿ ಕಣಗಳ ಪದರ) ಎಳೆದು ತೆಗೆದರೆ ಸಾಲದೇ? ಸಾಲದು. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಭಾರವಾದದ್ದು, ಕೆಂಪು ಕಣಗಳ ಮೇಲ್ಪದರದೊಳಗೇ ಹುದುಗಿರುತ್ತದೆ. 5 ಮಿ.ಲೀ. ಸಿರಿಂಜಿನಲ್ಲಿ ಆಲ್ಫಾ ಸೆಲ್ಯುಲೋಸ್ ಮತ್ತು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಸಮತೂಕ ಬೆರೆಸಿ ಕಾಲಂ ಕಟ್ಟಿ, ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ರಕ್ತವನ್ನು ಅದರ ಮೂಲಕ ಇಳಿಸುತ್ತೇನೆ. ಬಿಳಿ ಕಣ, ಪ್ಲೇಟ್‌ಲೆಟ್ ಅಲ್ಲೇ ನಿಲ್ಲುತ್ತವೆ. ಇಲ್ಲಿನ ಮೇ ತಿಂಗಳ ಬಿಸಿಲಲ್ಲಿ ಟ್ಯೂಬ್ ತಂಪಾಗಿಯೇ ಬರಬೇಕು, ಅದೇ ದಿನ ಕೆಲಸ ಮುಗಿಯಬೇಕು.

ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ಮೂರು ಸಲ ತೊಳೆದ 1 ಮಿ.ಲೀ. ಕಣವನ್ನು ಒಡೆಯಲು 40 ಮಿ.ಲೀ. ತಣ್ಣನೆಯ 5 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 8.0, ಜೊತೆಗೆ 1 ಮಿಲಿಮೋಲಾರ್ ಇಡಿಟಿಎ. ಪ್ರೋಟಿಯೇಸ್ ತಡೆಯುವ ಪಿಎಂಎಸ್ಎಫ್ ಹಾಕುವುದು ಕೊನೆಯ ಗಳಿಗೆಯಲ್ಲಿ. ಬೆಳಿಗ್ಗೆಯೇ ಬೆರೆಸಿಟ್ಟರೆ ನೀರಿನಲ್ಲಿ ಅದರ ಶಕ್ತಿ ಮಧ್ಯಾಹ್ನದ ಹೊತ್ತಿಗೆ ಉಡುಗಿರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವುದು 4 ಡಿಗ್ರಿಯಲ್ಲಿ 20,000 ಜಿ (ಗುರುತ್ವದ ಅಷ್ಟು ಪಟ್ಟು ಬಲ), 20 ನಿಮಿಷ. ಆಮೇಲೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿ: ಪೊರೆ ತೇಲಾಡುತ್ತದೆ, ತಳದಲ್ಲಿ ಗಟ್ಟಿ ಗುಂಡಿಯೊಂದು ಅಂಟಿಕೊಂಡಿರುತ್ತದೆ. ಪ್ರೋಟಿಯೇಸ್ ಇರುವುದು ಆ ಗುಂಡಿಯಲ್ಲೇ, ಪ್ರತಿ ತೊಳೆತದಲ್ಲೂ ಹೀರಿ ಎಸೆಯಿರಿ. ಪೊರೆ ಬೆಳ್ಳಗಾಗಲು ಮೂರು-ನಾಲ್ಕು ತೊಳೆತ ಬೇಕು.

ಜೆಲ್‌ನಲ್ಲಿ ಜಿಎಪಿಡಿಎಚ್ (ಸಕ್ಕರೆ ಒಡೆಯುವ ಒಂದು ಕಿಣ್ವ) ಪಟ್ಟಿಯನ್ನಂತೂ ಬಹಳ ಎಚ್ಚರದಿಂದ ಓದಬೇಕು. ಕಡಿಮೆ ಉಪ್ಪಿನಲ್ಲಿ ಅದು ಪೊರೆಯ ಬ್ಯಾಂಡ್ 3 ಪ್ರೋಟೀನಿಗೆ ಅಂಟಿರುತ್ತದೆ, 150 ಮಿಲಿಮೋಲಾರ್ ಉಪ್ಪು ತಾಗಿದರೆ ಕಳಚಿ ಹೋಗುತ್ತದೆ. ಬಫರಿನಲ್ಲಿ ಆದ ಸಣ್ಣ ತಪ್ಪೂ ರೋಗದ ಗುರುತಿನಂತೆ ಕಾಣುತ್ತದೆ. ಪೊರೆಯ 4.1 ಪ್ರೋಟೀನಿಗೆ ಎ, ಬಿ ಎಂಬ ಎರಡು ರೂಪಗಳಿವೆ; 4.1ಎ ಪಾಲು ಇಳಿದಿದ್ದರೆ ರೆಟಿಕ್ಯುಲೋಸೈಟ್ (ಎಳೆಯ ಕೆಂಪು ಕಣ) ಎಣಿಕೆ ನೋಡಿ, ಎಳೆಯ ಕಣಗಳಲ್ಲಿ 4.1ಬಿ ಹೆಚ್ಚಿರುತ್ತದೆ. ಹೆಪಟೈಟಿಸ್ ಸಿಗೆ ಕೊಡುವ ರಿಬಾವಿರಿನ್ ತೆಗೆದುಕೊಂಡ ರೋಗಿಗಳನ್ನು ಬೇರೆ ಗುಂಪಿಗೆ ಹಾಕುತ್ತೇನೆ. ಆ ಔಷಧ ಕೆಂಪು ಕಣದೊಳಗೆ ಟ್ರೈಫಾಸ್ಫೇಟ್ ಆಗಿ ಸೇರಿಕೊಂಡು ತಾನೇ ಕಣ ಒಡೆಸುತ್ತದೆ. ಯಕೃತ್ತಿನ ಕಾಯಿಲೆಯಲ್ಲಿ ಪೊರೆಗೆ ಕೊಲೆಸ್ಟರಾಲ್, ಫಾಸ್ಫೋಲಿಪಿಡ್ ಸೇರುವುದರಿಂದ ಬಿಸಿಎ (ಬಣ್ಣದಿಂದ ಪ್ರೋಟೀನ್ ಪ್ರಮಾಣ ತಿಳಿಯುವ ವಿಧಾನ) ಅಳತೆ ತಪ್ಪುತ್ತದೆ, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಸೇರಿಸಿಯೇ ಅಳೆಯಿರಿ.

ಸೆಂಟ್ರಿಫ್ಯೂಜ್ ಬಕೆಟ್‌ಗೆ ಮುಚ್ಚಳ ಕಡ್ಡಾಯ. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಜಿನ ಮೇಲೂ ಕನಿಷ್ಠ 7 ದಿನ ಜೀವಂತ. ಮೇಜು ಒರೆಸುವ ಹೈಪೋಕ್ಲೋರೈಟ್ (ಬ್ಲೀಚ್) ದಿನವೂ ಹೊಸದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆದಮೇಲೆ ಆಂಟಿ-ಎಚ್‌ಬಿಎಸ್ (ವೈರಸ್ ವಿರುದ್ಧದ ಪ್ರತಿಕಾಯ) ಮಟ್ಟ ಮಿ.ಲೀ.ಗೆ 10 ಮಿಲಿ ಐಯು ದಾಟಿದ್ದು ಕಾಗದದಲ್ಲಿ ಕಂಡ ಮೇಲಷ್ಟೇ ಹೊಸಬರ ಕೈಗೆ ಟ್ಯೂಬ್.